ಪ್ರಶಸ್ತಿಗೆ ಹೆಸರು ಹೇಳುವವರು ಯಾರು?



ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಿಂದ ಒಬ್ಬ ಸೋದರಿ ಕಾಗದ ಬರೆದಿದ್ದಾರೆ. ಅವರ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರಂತೆ. ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಲು ಗಾಡಿ ಸಿಕ್ಕದಿದ್ದ ಕಾಲದಲ್ಲಿ ಸುತ್ತಲಿನ ಕೇರಿಗಳಲ್ಲೆಲ್ಲ ಹೆರಿಗೆ ಮಾಡಿಸಿದವರು. ಕರೆದವರ ಜಾತಿ ಕೇಳಿದವರಲ್ಲ, ಎಲೆಅಡಿಕೆ ಬಿಟ್ಟು ಬೇರೇನೂ ಮುಟ್ಟಿದವರಲ್ಲ. "ಟೀವೀಲಿ ಪದ್ಮಶ್ರೀ ತಕೊಳ್ಳೋರ ನೋಡ್ದಾಗೆಲ್ಲ ನಮ್ಮಜ್ಜಿ ಗ್ಯಾಪ್ಕ ಬತ್ತದೆ ಅಕ್ಕ. ಯಜಮಾನ್ರ ಕೇಳುದ್ರೆ, ಅದುಕ್ಕೆಲ್ಲ ದೊಡ್ಡೋರ ಕಡೆಯೋರಾಗ್ಬೇಕು ಸುಮ್ನಿರು ಅಂತಾರೆ. ಅಲ್ಲಿ ಆರಿಸೋರು ಯಾರು? ನಾವು ಹೇಳುದ್ರೆ ಕೇಳಾರ?" ಎಂದು ಕೇಳಿದ್ದಾರೆ.

ಯಜಮಾನರ ಮಾತನ್ನು ನಾನು ಪೂರಾ ಅಲ್ಲಗಳೆಯಲಾರೆ. ಪ್ರಶಸ್ತಿ ಎಂದ ಕೂಡಲೇ ಶಿಫಾರಸು, ಓಡಾಟ ಎಂಬ ಮಾತು ನಮ್ಮ ನಾಡಿನಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಆದರೂ ಆರಿಸುವವರು ಯಾರು, ಹೇಗೆ ಎಂಬುದನ್ನು ತಿಳಿದ ಮೇಲೆ ಸುಮ್ಮನಿರುವುದೋ ಬೇಡವೋ ಎಂದು ನೀವೇ ತೀರ್ಮಾನಿಸಿ.

ಪದ್ಮ ಪ್ರಶಸ್ತಿಗಳು ಶುರುವಾದದ್ದು 1954ರಲ್ಲಿ. ಆರಿಸುವುದಕ್ಕೆ ಪ್ರಧಾನಮಂತ್ರಿಗಳು ಪ್ರತಿವರ್ಷವೂ ಒಂದು ಸಮಿತಿ ಮಾಡುತ್ತಾರೆ. ಕೇಂದ್ರ ಸಂಪುಟ ಕಾರ್ಯದರ್ಶಿ ಅದರ ಅಧ್ಯಕ್ಷರು. ಗೃಹ ಕಾರ್ಯದರ್ಶಿ, ರಾಷ್ಟ್ರಪತಿಗಳ ಕಾರ್ಯದರ್ಶಿ ಇರುತ್ತಾರೆ. ಇವರ ಜೊತೆಗೆ ನಾಲ್ಕರಿಂದ ಆರು ಮಂದಿ ಗಣ್ಯರು. ಇವರು ಒಪ್ಪಿದ ಪಟ್ಟಿ ಪ್ರಧಾನಮಂತ್ರಿಗಳಿಗೂ ರಾಷ್ಟ್ರಪತಿಗಳಿಗೂ ಹೋಗಿ, ಗಣರಾಜ್ಯೋತ್ಸವದ ಹೊತ್ತಿಗೆ ಹೊರಬೀಳುತ್ತದೆ. ಒಂದು ವರ್ಷಕ್ಕೆ ಮೂರೂ ದರ್ಜೆ ಸೇರಿ 120ಕ್ಕಿಂತ ಹೆಚ್ಚು ಕೊಡುವಂತಿಲ್ಲ. ತೀರಿಕೊಂಡವರು, ಹೊರದೇಶದವರು ಈ ಲೆಕ್ಕಕ್ಕೆ ಸೇರುವುದಿಲ್ಲ.

ಇನ್ನು ಹೆಸರು ಹೇಳುವವರು. ಇಲ್ಲೇ ಇರುವುದು ಗುಟ್ಟು. ರಾಜ್ಯ ಸರ್ಕಾರವೂ ಹೇಳಬಹುದು, ಮಂತ್ರಿಗಳೂ ಹೇಳಬಹುದು. ಭೀಮನಬೀಡಿನ ಗೃಹಿಣಿಯೂ ಹೇಳಬಹುದು. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ಕಾಸು ಖರ್ಚಿಲ್ಲ. ಯಾರಾದರೂ 'ನಾನು ಮಾಡಿಸಿಕೊಡ್ತೀನಿ, ಇಷ್ಟು ಕೊಡಿ' ಎಂದು ಬಂದರೆ ಬಾಗಿಲು ಹಾಕಿಕೊಳ್ಳಿ.

ಜನ ಹೇಳುವುದು ಹೆಚ್ಚಿದ ಮೇಲೆ ಸಮಿತಿಯ ಮುಂದಿನ ರಾಶಿಯೂ ಬೆಳೆದಿದೆ. 2019ರ ಪ್ರಶಸ್ತಿಗೆ ಸುಮಾರು 50 ಸಾವಿರ ನಾಮಪತ್ರ ಬಂದಿದ್ದವು. ಕೊಟ್ಟದ್ದು 112 ಮಂದಿಗೆ, ಅದರಲ್ಲಿ ಹೆಂಗಸರು 21. ಆ 21ರಲ್ಲಿ ಒಬ್ಬರು ನಮ್ಮ ಸಾಲುಮರದ ತಿಮ್ಮಕ್ಕ. ಮಾಗಡಿ ತಾಲ್ಲೂಕು ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಗಂಡನ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು 385 ಆಲದ ಮರ ಬೆಳೆಸಿದಾಕೆ. ಆಕೆಗೆ ರಾಷ್ಟ್ರೀಯ ಪೌರ ಪ್ರಶಸ್ತಿ ಬಂದದ್ದು 1995ರಲ್ಲಿ, ಪದ್ಮಶ್ರೀ ಬರುವುದಕ್ಕೆ ಇನ್ನೂ 24 ವರ್ಷ ಬೇಕಾಯಿತು. ಮರಗಳೇನೋ ಅಷ್ಟೂ ವರ್ಷ ರಸ್ತೆ ಬದಿಯಲ್ಲೇ ನಿಂತಿದ್ದವು!

ನಮ್ಮ ಓದುಗರ ಅಜ್ಜಿಗೆ ತೀರ ಹತ್ತಿರದವರೆಂದರೆ ಸೂಲಗಿತ್ತಿ ನರಸಮ್ಮ. ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಓದುಬರಹ ಇಲ್ಲ. ಅಜ್ಜಿಯಿಂದ ಕಲಿತ ವಿದ್ಯೆ. ಎಪ್ಪತ್ತು ವರ್ಷ ಕಾಲ 15,000ಕ್ಕೂ ಹೆಚ್ಚು ಹೆರಿಗೆ, ಒಂದಕ್ಕೂ ಹಣ ಪಡೆಯದೆ. 2018ರಲ್ಲಿ ಪದ್ಮಶ್ರೀ ಬಂತು. (ಇವತ್ತಿನ ದಿನ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆಸ್ಪತ್ರೆಯೇ ಇಲ್ಲದಿದ್ದಾಗ ತಾಯಿ ಮಗುವನ್ನು ಉಳಿಸಿದವರ ಮಾತು ನಾನು ಹೇಳುತ್ತಿರುವುದು.)

ನನಗೆ ಕಾಡುವುದು ಒಂದೇ ಸಂಗತಿ. ಬಾಣಂತನ ಮಾಡುವುದು, ಹಾಸಿಗೆ ಹಿಡಿದವರ ಮೈ ತೊಳೆಯುವುದು, ತಬ್ಬಲಿ ಮಕ್ಕಳಿಗೆ ಅನ್ನ ಹಾಕುವುದು ಇವನ್ನು ನಾವು 'ಸೇವೆ' ಎನ್ನುವುದಿಲ್ಲ. 'ಹೆಂಗಸರ ಕೆಲಸ, ಮಾಡಿದಳು' ಎನ್ನುತ್ತೇವೆ. ಮಾಡಿದಾಕೆಯೂ ಹಾಗೇ ಅನ್ನುತ್ತಾಳೆ. ಕೇಳಿ ನೋಡಿ ಬೇಕಾದರೆ, 'ನಾನೇನ್ ಮಾಡಿವ್ನಿ ಬುಡವ್ವ' ಎಂದೇ ಉತ್ತರ ಬರುವುದು. ಸಂಸ್ಥೆಯಲ್ಲಿ ಕೆಲಸ ಮಾಡಿದವರ ಬಗ್ಗೆ ವರದಿ ಇರುತ್ತದೆ, ಲೆಕ್ಕ ಇರುತ್ತದೆ, ಫೋಟೋ ಇರುತ್ತದೆ. ನಿಮ್ಮ ಚಾಮರಾಜನಗರ ಜಿಲ್ಲೆಯಲ್ಲೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ದುಡಿದ ಡಾ. ಎಚ್. ಸುದರ್ಶನ್ ಅವರಿಗೆ 2000ದಲ್ಲಿ ಪದ್ಮಶ್ರೀ ಬಂತು. ಅದು ಸಲ್ಲಬೇಕಾದ ಗೌರವವೇ. ಆದರೆ ಅವರ ಬೆನ್ನಿಗೆ 1981ರಿಂದ ನಡೆದುಬಂದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವಿತ್ತು. ಬೀದಿಯ ಅಜ್ಜಿಯ ಬೆನ್ನಿಗೆ ಯಾರಿದ್ದಾರೆ? ದೆಹಲಿಯ ಸಮಿತಿ ಭೀಮನಬೀಡಿನ ಜಗಲಿಗೆ ಬಂದು ಕೂರುವುದಿಲ್ಲ. ಅವರ ಕೈಗೆ ಸಿಗುವುದು ಕಾಗದ. ಕಾಗದದಲ್ಲಿ ಇಲ್ಲದ ಅಜ್ಜಿ ಅವರ ಪಾಲಿಗೆ ಇಲ್ಲವೇ ಇಲ್ಲ.

ಹಾಗಾಗಿ ತಂಗಿ, ನೀವೇ ಬರೆಯಿರಿ. 800 ಪದದೊಳಗೆ ಇರಬೇಕೆಂಬುದು ನಿಯಮ. 'ತ್ಯಾಗಮಯಿ, ಕರುಣಾಮಯಿ, ನಿಸ್ವಾರ್ಥಿ' ಎಂದು ಪುಟ ತುಂಬಿಸಬೇಡಿ. 50 ಸಾವಿರ ಕಾಗದದಲ್ಲೂ ಅದೇ ಇರುತ್ತದೆ. ಅಡುಗೆ ಬರೆಯುವಾಗ 'ಬೇಕಾದಷ್ಟು ಹಾಕಿ' ಎಂದರೆ ಹೊಸಬರಿಗೆ ಏನು ತಿಳಿದೀತು? ಅಳತೆ ಹೇಳಬೇಕು. ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಯಾವ ಊರು, ಸುಮಾರು ಎಷ್ಟು ಹೆರಿಗೆ, ಕಷ್ಟವಾದಾಗ ಆಸ್ಪತ್ರೆಗೆ ಸಾಗಿಸಿದ್ದು ಎಷ್ಟು ಸಲ. ಇಸವಿ ನೆನಪಿಲ್ಲದಿದ್ದರೆ ಮಕ್ಕಳ ವಯಸ್ಸು ಹಿಡಿದು ಲೆಕ್ಕ ಹಾಕಿ. ಮನೆ ಮನೆಗೆ ಹೋಗಿ 'ನಿಮ್ಮಲ್ಲಿ ಯಾರ್ಯಾರನ್ನು ಅಜ್ಜಿ ಹಿಡಿದರು' ಎಂದು ಕೇಳಿದರೆ ಒಂದು ನೋಟ್‌ಬುಕ್ಕು ತುಂಬೀತು. ಉಬ್ಬಿಸಿ ಬರೆಯಬೇಡಿ. ಆರಿಸುವ ಮುನ್ನ ಸರ್ಕಾರದವರು ಪೂರ್ವಾಪರ ವಿಚಾರಿಸುತ್ತಾರೆ.

ಮೊದಲು ಅಜ್ಜಿಯ ಒಪ್ಪಿಗೆ ಕೇಳಿ. ಪದ್ಮ ಪ್ರಶಸ್ತಿಯಲ್ಲಿ ದುಡ್ಡಿಲ್ಲ. ರಾಷ್ಟ್ರಪತಿಗಳ ಸಹಿ ಇರುವ ಸನ್ನದು, ಒಂದು ಪದಕ, ಅಷ್ಟೆ. ಹೆಸರಿನ ಹಿಂದೆ ಮುಂದೆ ಪದ್ಮಶ್ರೀ ಎಂದು ಹಾಕಿಕೊಳ್ಳುವಂತೆಯೂ ಇಲ್ಲ. ಇದನ್ನು ಮನೆಯವರಿಗೆ ಮುಂಚೆಯೇ ಹೇಳಿಬಿಡಿ, ಆಮೇಲೆ ಆಸೆಗೆ ಬಿದ್ದು ಅಜ್ಜಿಯ ಮೇಲೆ ಸಿಡುಕಬಾರದು. ಮಂಗಳೂರಿನ ಕಡೆಯ ಕಿತ್ತಳೆ ವ್ಯಾಪಾರಿ ಹರೇಕಳ ಹಾಜಬ್ಬ ತಮ್ಮೂರಿಗೆ ಶಾಲೆ ತಂದವರು. 2020ರಲ್ಲಿ ಪದ್ಮಶ್ರೀ ಸುದ್ದಿ ಬಂದಾಗ ಅವರು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರು.

ಅರ್ಜಿಯನ್ನು ಅಂಚೆಯಲ್ಲಿ ಕಳಿಸುವುದಲ್ಲ, ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ ತುಂಬಬೇಕು. ಬರೆದದ್ದನ್ನು ಕಂಪ್ಯೂಟರ್ ಬಲ್ಲ ಮಗಳೋ ಮಗನೋ ಏರಿಸಿಕೊಟ್ಟರೆ ಆಯಿತು. 2026ರ ಪ್ರಶಸ್ತಿಗೆ 2025ರ ಮಾರ್ಚ್ 15ರಿಂದ ಅವಕಾಶವಿತ್ತು. ಪ್ರತಿ ಸಲವೂ ದಿನಾಂಕ ಒಂದೇ ಇರುವುದಿಲ್ಲವಾದ್ದರಿಂದ ಬೇಸಿಗೆಗೆ ಮೊದಲೇ ನೋಟ್‌ಬುಕ್ಕು ಸಿದ್ಧ ಮಾಡಿಕೊಳ್ಳಿ. ಒಂದು ವರ್ಷ ಬರದಿದ್ದರೆ ಮತ್ತೊಂದು ವರ್ಷ ಕಳಿಸಿ. ಆದರೆ ತುಂಬ ತಡ ಮಾಡಬೇಡಿ. ತೀರಿಕೊಂಡವರಿಗೆ ಕೊಡುವುದು ಅಪರೂಪ. ನರಸಮ್ಮನವರು ಪ್ರಶಸ್ತಿ ಪಡೆದ ವರ್ಷವೇ, ಡಿಸೆಂಬರ್ 25ರಂದು ತೀರಿಕೊಂಡರು.