ಗಾಜಲ್ಲದ ಗಾಜು

ಮಹಾನವಮಿಯ ಮುನ್ನಾದಿನವೆಂದರೆ ಮನೆಮನೆಯಲ್ಲಿಯೂ ಕೊಡವುವ, ಒರೆಸುವ, ತೊಳೆಯುವ ಸಂಭ್ರಮ. ಹಿಂದೆ ಆಯುಧಪೂಜೆಗೆ ಈಳಿಗೆಮಣೆ, ಕತ್ತರಿ, ಹೊಲಿಗೆಯಂತ್ರ, ಸೈಕಲ್ಲುಗಳು ಸಾಲುಗೂಡುತ್ತಿದ್ದವು. ಈಗ ಕಂಪ್ಯೂಟರಿಗೂ ಆ ಸಾಲಿನಲ್ಲಿ ಸ್ಥಾನ ದೊರೆತಿದೆ. ಅನ್ನ ಕೊಡುವ ಉಪಕರಣವನ್ನು ಗೌರವಿಸುವುದು ನ್ಯಾಯವೇ ಸರಿ. ಆದರೆ ಆ ಗೌರವವೇ ಕಂಪ್ಯೂಟರಿನ ಪರದೆಗೆ ಮುಳುವಾಗುವುದೂ ಉಂಟು.

ಬೆಂಗಳೂರಿನ ಬಡಾವಣೆಯೊಂದರಲ್ಲಿರುವ ವೃದ್ಧ ದಂಪತಿಗಳನ್ನು ಕಲ್ಪಿಸಿಕೊಳ್ಳಿ. ಮಗನೂ ಸೊಸೆಯೂ ದೂರದ ಅಮೆರಿಕದಲ್ಲಿದ್ದಾರೆ. ಭಾನುವಾರ ಬೆಳಿಗ್ಗೆ ಪರದೆಯ ಮೇಲೆ ಮೊಮ್ಮಗಳ ಮುಖ ಮೂಡಿತೆಂದರೆ ಆ ಮನೆಗೆ ಅದೇ ಹಬ್ಬ. ನಿವೃತ್ತರಾದ ಯಜಮಾನರು ಶುಚಿತ್ವದಲ್ಲಿ ಎತ್ತಿದ ಕೈ. ಕಿಟಕಿಯ ಗಾಜಿಗೂ ನಿಲುವುಗನ್ನಡಿಗೂ ನೀಲಿ ದ್ರವವನ್ನು ಸಿಂಪಡಿಸಿ, ಹಳೆಯ ವೃತ್ತಪತ್ರಿಕೆಯಿಂದ ತಿಕ್ಕಿ ಥಳಥಳಿಸುವಂತೆ ಮಾಡಿದ ಹುರುಪಿನಲ್ಲಿಯೇ ಅವರು ಕಂಪ್ಯೂಟರಿನ ಪರದೆಯನ್ನೂ ತಿಕ್ಕಿದರು. ಮುಂದಿನ ಭಾನುವಾರ ಅವರ ಪತ್ನಿ ತಮ್ಮ ಕನ್ನಡಕವನ್ನು ಎರಡು ಸಲ ಒರೆಸಿಕೊಂಡು ನೋಡಿದರು.

"ಏನ್ರೀ, ಮಗುವಿನ ಕೆನ್ನೆಯ ಮೇಲೆ ಮಂಜು ಮುಸುಕಿದ ಹಾಗಿದೆಯಲ್ಲ?" ಎಂದರು.

ಮಂಜು ಕನ್ನಡಕದ್ದಲ್ಲ, ಪರದೆಯ ಮೈಯೇ ಮಸುಕಾಗಿತ್ತು.

ಯಜಮಾನರ ಕೈಗೆ ಈ ಅಭ್ಯಾಸ ಬಂದದ್ದು ಹಳೆಯ ಟೆಲಿವಿಷನ್ ಪೆಟ್ಟಿಗೆಯ ಕಾಲದಲ್ಲಿ. ಆ ಪೆಟ್ಟಿಗೆಯೊಳಗಿನ ಕೊಳವೆಯಲ್ಲಿ ಗಾಳಿ ಇರುತ್ತಿರಲಿಲ್ಲ. ಹೊರಗಿನ ವಾಯುಭಾರವನ್ನು ತಡೆಯಬೇಕಾದ್ದರಿಂದ ಅದರ ಮುಂಗಾಜು ಬಹಳ ದಪ್ಪವಾಗಿಯೇ ಇರಬೇಕಾಗಿತ್ತು. ಎಷ್ಟು ತಿಕ್ಕಿದರೂ ಅದು ಸಹಿಸುತ್ತಿತ್ತು. ಇಂದಿನ ಚಪ್ಪಟೆ ಪರದೆಯ ಜಾತಿಯೇ ಬೇರೆ. ಎಲ್‌ಸಿಡಿ ಎಂಬ ಪರದೆಯಲ್ಲಿ ಎರಡು ತೆಳುಗಾಜುಗಳ ನಡುವೆ ದ್ರವಸ್ಫಟಿಕದ ಪದರವೊಂದಿದೆ. ಅದರ ದಪ್ಪ ಕೆಲವೇ ಮೈಕ್ರಾನು; ನಮ್ಮ ತಲೆಗೂದಲಿಗಿಂತ ಎಷ್ಟೋ ಪಾಲು ತೆಳುವು. ದ್ರವಸ್ಫಟಿಕವೆಂಬುದು ಬೆಂಗಳೂರಿಗೆ ಅಪರಿಚಿತವಾದ ವಸ್ತುವೇನಲ್ಲ. ಬಿಲ್ಲೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕವಾಗಬಲ್ಲದೆಂದು 1977ರಲ್ಲಿ ತೋರಿಸಿಕೊಟ್ಟವರು ಇಲ್ಲಿಯ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಅವರ ಸಂಗಡಿಗರು.

ಈ ಗಾಜುಗಳ ಹೊರಮೈಗೆ ಬೆಳಕನ್ನು ಹದಗೊಳಿಸುವ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿರುತ್ತಾರೆ. ಕಣ್ಣು ಕೋರೈಸದಿರಲೆಂದು ಅನೇಕ ಪರದೆಗಳಲ್ಲಿ ಅದರ ಮೇಲೆ ನವಿರಾದ ಲೇಪವೂ ಉಂಟು. ಹೆಚ್ಚಿನ ಮೇಜಿನ ಕಂಪ್ಯೂಟರುಗಳಲ್ಲಿ ನಮ್ಮ ಬೆರಳಿಗೆ ತಾಗುವುದು ಗಾಜಲ್ಲ, ಈ ಹಾಳೆ. ಗಾಜಿನ ಶುದ್ಧಿಗೆಂದು ಮಾರುವ ಅನೇಕ ದ್ರವಗಳಲ್ಲಿರುವ ಅಮೋನಿಯ, ಆಲ್ಕೋಹಾಲುಗಳು ಈ ಲೇಪವನ್ನು ಕೆಡಿಸಬಲ್ಲವು. ಉಗುರುಬಣ್ಣ ಅಳಿಸುವ ಅಸಿಟೋನು ಪ್ಲಾಸ್ಟಿಕ್ಕನ್ನೇ ಕರಗಿಸೀತು. ಒಮ್ಮೆ ಕೆಟ್ಟ ಲೇಪವನ್ನು ಮನೆಯಲ್ಲಿ ಸರಿಪಡಿಸುವ ಉಪಾಯವಿಲ್ಲ. ಗೀರು ಹೋಗಲೆಂದು ಹಲ್ಲುಜ್ಜುವ ಪೇಸ್ಟು ಹಚ್ಚಿದರೆ ಗೀರಿಗೆ ಗೀರು ಸೇರುವುದಷ್ಟೆ.

ಹಾಗಾದರೆ ಪರದೆಯನ್ನು ಶುಚಿ ಮಾಡುವುದೇ ಬೇಡವೆ? ಧಾರಾಳವಾಗಿ ಮಾಡಬಹುದು, ಬೇಕಾದುದು ಬಲವಲ್ಲ, ತಾಳ್ಮೆ. ಮೊದಲು ಕಂಪ್ಯೂಟರನ್ನು ಆರಿಸಿ, ವಿದ್ಯುತ್ ಸಂಪರ್ಕವನ್ನು ಕಳಚಿ, ಪರದೆ ತಣ್ಣಗಾಗುವವರೆಗೆ ಕಾಯಬೇಕು. ಕಪ್ಪಾದ ಪರದೆಯ ಮೇಲೆ ಧೂಳೂ ಬೆರಳಚ್ಚೂ ಸ್ಪಷ್ಟವಾಗಿ ಕಾಣುತ್ತವೆ. ಬಾಯಿಂದ ಊದಬಾರದು, ಧೂಳಿನ ಜೊತೆಗೆ ಉಗುಳಿನ ಹನಿಯೂ ಸೇರುತ್ತದೆ. ಕನ್ನಡಕದ ಅಂಗಡಿಯಲ್ಲಿ ಕೊಡುವಂಥ ಮೈಕ್ರೋಫೈಬರ್ ಬಟ್ಟೆಯಿಂದ, ಮೇಲಿನಿಂದ ಕೆಳಕ್ಕೆ, ತಾಗಿಯೂ ತಾಗದಂತೆ ಒರೆಸಬೇಕು. ಧೂಳು ಹೋಗುವ ಮುನ್ನವೇ ಒತ್ತಿ ತಿಕ್ಕಿದರೆ ಅದರಲ್ಲಿರುವ ಮರಳಿನ ಕಣಗಳೇ ಗೀರು ಹಾಕುತ್ತವೆ. ಒರಟು ಟವೆಲು, ವೃತ್ತಪತ್ರಿಕೆ, ಸೀರೆಯ ಜರಿಯಂಚು ಇವು ಯಾವುವೂ ಸಲ್ಲವು.

ಅಡುಗೆಮನೆಯ ಒಗ್ಗರಣೆಯ ಹೊಗೆಯಿಂದ ಕುಳಿತ ಜಿಡ್ಡೋ ಮಕ್ಕಳ ಬೆರಳಿನ ಗುರುತೋ ಒಣಬಟ್ಟೆಗೆ ಹೋಗದಿದ್ದಲ್ಲಿ ಬಟ್ಟೆಯ ಒಂದು ತುದಿಯನ್ನು ಬಟ್ಟಿ ಇಳಿಸಿದ ನೀರಿನಿಂದ ತುಸುವೇ ತೇವ ಮಾಡಿಕೊಳ್ಳಬೇಕು. ಕೊಳವೆಬಾವಿಯ ಗಡಸು ನೀರು ಸ್ಟೀಲ್ ಪಾತ್ರೆಯ ಮೇಲೆ ಬಿಳಿಯ ಕಲೆ ಬಿಡುವುದನ್ನು ಗೃಹಿಣಿಯರೆಲ್ಲ ಬಲ್ಲರು. ಪರದೆಯ ಮೇಲೂ ಅದರ ಗುಣ ಅದೇ. ನೀರನ್ನು ಬಟ್ಟೆಗೆ ಹಾಕಬೇಕೇ ಹೊರತು ಪರದೆಗೆ ಎಂದಿಗೂ ಸಿಂಪಡಿಸಬಾರದು. ಇಳಿದ ಹನಿ ಕೆಳಗಿನ ಅಂಚಿನ ಸಂದಿಯಲ್ಲಿ ನುಸುಳಿ ಒಳಗಿನ ಸೂಕ್ಷ್ಮವಾದ ವಿದ್ಯುತ್ ಭಾಗಗಳನ್ನು ಮುಟ್ಟಿದರೆ ಪರದೆಯೇ ಕೆಟ್ಟುಹೋಗಬಹುದು. ಬಟ್ಟೆಯನ್ನು ಹಿಂಡಿದರೆ ಒಂದು ಹನಿಯೂ ಉದುರದಿರುವುದೇ ತಕ್ಕ ಹದ. ಕಡೆಗೆ ಒಣತುದಿಯಿಂದ ಮತ್ತೊಮ್ಮೆ ಒರೆಸಿ, ತೇವ ಪೂರ್ತಿ ಆರಿದ ಮೇಲೆಯೇ ಸ್ವಿಚ್ ಒತ್ತಬೇಕು. ಬಟ್ಟೆಯನ್ನು ಸೌಮ್ಯವಾದ ಸೋಪಿನಲ್ಲಿ ಒಗೆದು ಒಣಗಿಸಿ, ಧೂಳು ತಾಗದಂತೆ ಎತ್ತಿಡಬೇಕು.

ಮೊಬೈಲು, ಟ್ಯಾಬ್ಲೆಟ್ಟು ಹಾಗೂ ಕೆಲವು ಲ್ಯಾಪ್‌ಟಾಪುಗಳ ಹೊರಮೈ ನಿಜವಾದ ಗಾಜೇ. ಆದರೆ ಅವುಗಳಲ್ಲಿ ಅನೇಕಕ್ಕೆ ಜಿಡ್ಡು ಅಂಟದಂತೆ ತಡೆಯುವ ಲೇಪವಿರುತ್ತದೆ. ಯಾವುದನ್ನು ಬಳಸಬಹುದೆಂಬುದನ್ನು ಉಪಕರಣದ ಜೊತೆಗೆ ಬಂದ ಕೈಪಿಡಿಯಲ್ಲಿ ನೋಡಿಯೇ ಮುಂದುವರಿಯುವುದು ಲೇಸು.

ಪೂಜೆಯನ್ನು ಬಿಡಬೇಕೆಂದು ಯಾರೂ ಹೇಳಲಾರರು. ಗಂಧ ಕುಂಕುಮಗಳ ಬೊಟ್ಟನ್ನು ಪರದೆಯ ಹಣೆಗಿಡದೆ ಅದರ ಪೀಠಕ್ಕಿಟ್ಟರೆ ಭಕ್ತಿಗೆ ಕುಂದಿಲ್ಲ, ಪರದೆಗೂ ಕೇಡಿಲ್ಲ. ಹಿತ್ತಾಳೆಯ ಪಾತ್ರೆಯನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕುವ ಕೈಯೇ ಹಸುಗೂಸಿನ ಮುಖ ಒರೆಸುವಾಗ ತಾನಾಗಿ ಹಗುರಾಗುತ್ತದೆ. ಆ ಹಗುರುತನವನ್ನು ಪರದೆಗೂ ತೋರಿದರೆ ಸಾಕು. ಎಷ್ಟೋ ಮನೆಗಳಲ್ಲಿ ದೂರದ ಹಸುಗೂಸಿನ ಮುಖ ಕಾಣುವುದು ಅಲ್ಲಿಯೇ ಅಲ್ಲವೆ?