ರಬ್ಬರು ಕೈಗವಸೂ ಒಂದು ಲೀಟರು ನೀರೂ

ಕಳೆದ ವರ್ಷ ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಪಠ್ಯಕ್ರಮಕ್ಕೆ ಸೇರದ ಒಂದು ಪ್ರಯೋಗವನ್ನು ಮಾಡಿ ನೋಡಿದೆವು. ರಾಜಾಜಿನಗರದ ಔಷಧದ ಅಂಗಡಿಯೊಂದರಿಂದ ನೂರು ಕೈಗವಸುಗಳ ಡಬ್ಬಿಯನ್ನು ತರಿಸಿ, ಅದರಿಂದ ಇಪ್ಪತ್ತನ್ನು ಆರಿಸಿಕೊಂಡು, ಒಂದೊಂದರಲ್ಲಿಯೂ ಒಂದು ಲೀಟರು ನೀರನ್ನು ತುಂಬಿ ತೂಗುಬಿಟ್ಟೆವು. ಎರಡು ನಿಮಿಷ ಕಾದು, ಹನಿ ಜಿನುಗುವುದೋ ಇಲ್ಲವೋ ಎಂದು ನೋಡಬೇಕು, ಅಷ್ಟೆ. ವೈದ್ಯರು ತೊಡುವ ಕೈಗವಸುಗಳನ್ನು ಪ್ರಪಂಚದ ದೊಡ್ಡ ಮಾರುಕಟ್ಟೆಗಳಲ್ಲಿ ಒರೆಗೆ ಹಚ್ಚುವ ಕ್ರಮ ಇದೇ. ನಮ್ಮ ಇಪ್ಪತ್ತರಲ್ಲಿ ಎರಡು ಸೋರಿದುವು.

ಇಷ್ಟರಿಂದಲೇ ತಯಾರಕರನ್ನು ದೂರುವಂತಿಲ್ಲ. ಅಮೆರಿಕದ ನಿಯಮವು ರೋಗಿಗಳ ತಪಾಸಣೆಯ ಕೈಗವಸುಗಳಲ್ಲಿ ನೂರಕ್ಕೆ ೨.೫ರ ಮಟ್ಟದವರೆಗಿನ ಸೋರಿಕೆಯನ್ನು ಸಹಿಸುತ್ತದೆ, ಶಸ್ತ್ರಚಿಕಿತ್ಸೆಯವುಗಳಲ್ಲಿ ೧.೫. ನೂರಕ್ಕೆ ಎರಡೂವರೆ ಮಾತ್ರ ಸೋರುವ ರಾಶಿಯಿಂದ ಇಪ್ಪತ್ತನ್ನು ತೆಗೆದರೂ, ಎರಡು ಅಥವಾ ಹೆಚ್ಚು ಸೋರುವ ಸಂಭವವು ನೂರಕ್ಕೆ ಒಂಬತ್ತರಷ್ಟು ಉಂಟು. ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಆದರೆ ಅಂದು ಡಬ್ಬಿಯ ಮೇಲಿನ ಅಚ್ಚನ್ನು ಓದುತ್ತಿದ್ದ ಹುಡುಗನೊಬ್ಬನು ಕೇಳಿದ ಪ್ರಶ್ನೆಗೆ ಲೆಕ್ಕದಿಂದ ಉತ್ತರ ದೊರೆಯಲಿಲ್ಲ. “ಇದು ಹೊರದೇಶದ ಮಾಲು, ಸಾರ್. ಸುಳ್ಯದಲ್ಲಿ ನಮ್ಮ ಮನೆಯ ಹಿಂದೆಯೇ ರಬ್ಬರು ಮರಗಳಿವೆ. ನಾವೇ ಇದನ್ನು ಮಾಡಿ ಹೊರಕ್ಕೆ ಏಕೆ ಕಳುಹಿಸಬಾರದು?” ಈ ಪ್ರಶ್ನೆಯನ್ನೇ ಇಲ್ಲಿ ಎತ್ತಿಕೊಂಡಿದ್ದೇವೆ.

ರಬ್ಬರಿನ ಉಡುಪು ಎಂದರೆ ಮೊದಲು ಮಳೆಯ ಅಂಗಿಯೇ ಆಗಿತ್ತು. ೧೮೨೩ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತಾಶನು ನಾಫ್ತಾದಲ್ಲಿ ಕರಗಿಸಿದ ರಬ್ಬರನ್ನು ಎರಡು ಬಟ್ಟೆಗಳ ನಡುವೆ ಸವರಿ ನೀರು ಹೀರದ ಬಟ್ಟೆಯನ್ನು ಮಾಡಿದನು. ಅದು ಚಳಿಯಲ್ಲಿ ಹಲಗೆಯಂತೆ ಬಿರುಸಾಗುವುದು, ಬಿಸಿಲಿನಲ್ಲಿ ಅಂಟು ಅಂಟಾಗುವುದು. ೧೮೩೯ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರನು ಗಂಧಕವನ್ನು ಬೆರೆಸಿ ಕಾಯಿಸಿದಾಗ ಆ ದೋಷ ಹೋಯಿತು; ಉದ್ದುದ್ದದ ರಬ್ಬರು ಅಣುಗಳನ್ನು ಗಂಧಕವು ಅಲ್ಲಲ್ಲಿ ಹೆಣೆದುಬಿಡುತ್ತದೆ. ಇಂದು ಮಳೆಯಂಗಿಗಳು ಬಹುಮಟ್ಟಿಗೆ ಬೇರೆ ವಸ್ತುಗಳ ಪಾಲಾಗಿವೆ. ರಬ್ಬರು ಉಡುಪಿನ ಅಂತಾರಾಷ್ಟ್ರೀಯ ವ್ಯಾಪಾರವೆಂದರೆ ಮುಖ್ಯವಾಗಿ ಕೈಗವಸಿನ ವ್ಯಾಪಾರವೇ.

ಈ ವ್ಯಾಪಾರದಲ್ಲಿ ಬೆಂಗಳೂರಿನ ಸ್ಥಾನವೇನೆಂಬುದನ್ನು ೨೦೨೦ನೆಯ ವರ್ಷವು ಚೆನ್ನಾಗಿ ತೋರಿಸಿಕೊಟ್ಟಿತು. ಕೊರೊನಾ ವ್ಯಾಧಿ ಹಬ್ಬುವುದಕ್ಕೆ ಮುಂಚೆ ವೈದ್ಯರ ಮೈಮುಚ್ಚುವ ರಕ್ಷಾಕವಚವನ್ನು ನಮ್ಮ ದೇಶದಲ್ಲಿ ಮಾಡುತ್ತಲೇ ಇರಲಿಲ್ಲವೆನ್ನಬಹುದು. ಮೇ ತಿಂಗಳ ಹೊತ್ತಿಗೆ ದಿನಕ್ಕೆ ಎರಡು ಲಕ್ಷ ಕವಚಗಳು ತಯಾರಾಗುತ್ತಿದ್ದುವು. ಏಪ್ರಿಲ್‌ನಲ್ಲಿ ಕೇಂದ್ರ ಜವಳಿ ಇಲಾಖೆಯು ಕೊಟ್ಟ ಲೆಕ್ಕದಂತೆ ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧವು ಬೆಂಗಳೂರಿನವು. ಮೈಸೂರು ರಸ್ತೆ, ಪೀಣ್ಯಗಳ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆಯ ಯಂತ್ರಗಳೂ ಹೊಲಿಯುವ ಕೈಗಳೂ ಇದ್ದುದೇ ಇಂಥ ಕೆಲಸಕ್ಕೆ ಆಧಾರ. ಜೂನ್ ಕೊನೆಗೆ ಸರ್ಕಾರವು ತಿಂಗಳಿಗೆ ೫೦ ಲಕ್ಷ ಕವಚಗಳ ರಫ್ತಿಗೂ ಅನುಮತಿ ಕೊಟ್ಟಿತು. ಆದರೆ ಆ ಕವಚದೊಡನೆ ತೊಡಬೇಕಾದ ಕೈಗವಸು ನಮ್ಮ ಊರಿನಿಂದ ಹೊರಡಲಿಲ್ಲ.

ಏಕೆಂದರೆ ಕೈಗವಸನ್ನು ಹೊಲಿಯುವುದಿಲ್ಲ, ಅದ್ದಿ ತೆಗೆಯುತ್ತಾರೆ. ಮರದಿಂದ ಇಳಿದ ಹಾಲಿನಲ್ಲಿ ರಬ್ಬರು ಮೂರನೆಯ ಒಂದು ಭಾಗದಷ್ಟಿರುತ್ತದೆ. ಉಳಿದುದು ಬಹುಪಾಲು ನೀರು. ಅಮೋನಿಯ ಸೇರಿಸದಿದ್ದರೆ ಹಾಲು ಬೇಗನೆ ಒಡೆದುಹೋಗುವುದು. ಅದನ್ನು ವೇಗವಾಗಿ ತಿರುಗುವ ಯಂತ್ರದಲ್ಲಿ ಹಾಕಿ, ಮಜ್ಜಿಗೆಯಿಂದ ಬೆಣ್ಣೆಯನ್ನು ಬೇರ್ಪಡಿಸುವಂತೆ, ರಬ್ಬರು ನೂರಕ್ಕೆ ೬೦ ಆಗುವವರೆಗೆ ಗಟ್ಟಿಮಾಡುತ್ತಾರೆ. ಬಳಿಕ ಕೈಯ ಆಕಾರದ ಪಿಂಗಾಣಿ ಅಚ್ಚುಗಳು ಮೊದಲು ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿಯೂ, ಅನಂತರ ಗಂಧಕಾದಿಗಳು ಬೆರೆತ ಹಾಲಿನಲ್ಲಿಯೂ ಮುಳುಗಿ, ತೊಳೆಸಿಕೊಂಡು, ಒಲೆಗಳ ಮೂಲಕ ಸಾಲಾಗಿ ಸಾಗುತ್ತವೆ. ಹಾಲಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಸಾಕು, ಕೈಗವಸಿನಲ್ಲಿ ತೂತಾಗುವುದು. ಈ ಕುಶಲತೆಯು ಕೆಲವು ವಾರಗಳಲ್ಲಿ ಕೈಗೆ ಬರುವಂಥದಲ್ಲ.

ಹಾಲಿನ ಕೊರತೆಯೇ ಕಾರಣವೆಂದು ಹೇಳುವವರುಂಟು. ದೇಶದಲ್ಲಿ ವರ್ಷಕ್ಕೆ ಸುಮಾರು ೮.೫ ಲಕ್ಷ ಟನ್ ರಬ್ಬರು ಬೆಳೆದರೆ ೧೪ ಲಕ್ಷ ಟನ್ ಬೇಕಾಗುತ್ತದೆ (೨೦೨೩-೨೪). ಅದರಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚನ್ನು ಟೈರುಗಳೇ ನುಂಗುತ್ತವೆ. ಸುಳ್ಯ, ಪುತ್ತೂರುಗಳಲ್ಲಿ, ೧೯೬೪ರ ಒಪ್ಪಂದದಂತೆ ಸಿಂಹಳದಿಂದ ಹಿಂದಿರುಗಿದ ತಮಿಳರು ದುಡಿದು ಬೆಳೆಸಿದ ಸರ್ಕಾರಿ ತೋಟಗಳಿವೆ; ಕಾಸರಗೋಡಿನವರೆಗೂ ರೈತರ ತೋಟಗಳಿವೆ. ಆದರೂ ಕೊರತೆಯ ವಾದವನ್ನು ನಾವು ಪೂರ್ತಿಯಾಗಿ ಒಪ್ಪುವುದಿಲ್ಲ. ಪ್ರಪಂಚದ ಅರ್ಧಕ್ಕಿಂತ ಹೆಚ್ಚು ಕೈಗವಸುಗಳನ್ನು ಒದಗಿಸುವ ಹಿರಿಮೆಗೇರಿದ ಮಲೇಷಿಯವು ತನಗೆ ಬೇಕಾದ ಹಾಲಿನ ಬಹುಭಾಗವನ್ನು ಥಾಯ್ಲೆಂಡಿನಿಂದ ಕೊಳ್ಳುತ್ತದೆ. ಅದರ ಬಲವಿರುವುದು ೧೯೨೫ರಿಂದ ನಡೆದುಬಂದ ರಬ್ಬರು ಸಂಶೋಧನೆಯಲ್ಲಿ. ನಮ್ಮ ಕೊಟ್ಟಾಯಂ ಸಂಶೋಧನಾಲಯವು ೧೯೫೫ರದು. ಕೊಚ್ಚಿಯ ಕಾಕ್ಕನಾಡಿನ ರಫ್ತು ವಲಯದಲ್ಲಿ ಕೈಗವಸು ಕಾರ್ಖಾನೆಗಳು ಇಲ್ಲದಿಲ್ಲ. ಘಟ್ಟದ ಈಚೆಗೆ ಮಾತ್ರ ವಿದ್ಯೆ ದಾಟಿಲ್ಲ.

ಹಾಗೆಂದು ಬೆಂಗಳೂರು ಈಗ ಮಲೇಷಿಯದ ಬೆನ್ನು ಹತ್ತಬೇಕೆಂದು ನಾವು ಹೇಳುವುದಿಲ್ಲ. ೨೦೨೦ರಲ್ಲಿ ತಪಾಸಣೆಯ ಕೈಗವಸುಗಳ ಬೆಲೆ ಹಲವು ಪಟ್ಟು ಏರಿತು. ಎಲ್ಲೆಲ್ಲೂ ಹೊಸ ಯಂತ್ರಸಾಲುಗಳೆದ್ದುವು. ೨೦೨೨ರ ವೇಳೆಗೆ ಬೆಲೆ ಕುಸಿದು, ಹಿಡಿಸಲಾರದಷ್ಟು ಮಾಲು ಉಳಿಯಿತು. ಅಮೆರಿಕವು ೨೦೧೭ರ ಜನವರಿಯಿಂದ ಪುಡಿ ಸವರಿದ ಕೈಗವಸುಗಳನ್ನೇ ನಿಷೇಧಿಸಿತು. ಚೀನದ ವೈದ್ಯಕೀಯ ಕೈಗವಸುಗಳ ಮೇಲಿನ ಸುಂಕವನ್ನು ೨೦೨೫ರಲ್ಲಿ ನೂರಕ್ಕೆ ೫೦ಕ್ಕೂ ೨೦೨೬ರಲ್ಲಿ ೧೦೦ಕ್ಕೂ ಏರಿಸಿತು. ಒಂದು ಆಜ್ಞೆಯಿಂದ ಲಾಭ, ಮತ್ತೊಂದರಿಂದ ನಷ್ಟ. ಕೋಟಿಗಟ್ಟಲೆ ಮಾಡಿ ಒಂದೊಂದರಲ್ಲಿ ಕೆಲವೇ ಪೈಸೆಗಳನ್ನು ಉಳಿಸುವ ಈ ವ್ಯಾಪಾರವು ಸಣ್ಣ ಕಾರ್ಖಾನೆಗಳಿಗೆ ತಕ್ಕುದಲ್ಲ.

ಅವುಗಳಿಗೆ ತಕ್ಕುದು ವಿದ್ಯುತ್ ಕೆಲಸಗಾರರ ಕೈಗವಸು. ಇದನ್ನು ಒಮ್ಮೆ ತೊಟ್ಟು ಎಸೆಯುವುದಿಲ್ಲ. ಬೆಲೆ ಹೆಚ್ಚು, ಸಂಖ್ಯೆ ಕಡಿಮೆ, ಪರೀಕ್ಷೆ ಕಠಿನ. ೧,೦೦೦ ವೋಲ್ಟುಗಳವರೆಗೆ ಬಳಸತಕ್ಕ ‘ಸೊನ್ನೆ’ ದರ್ಜೆಯ ಕೈಗವಸು ೫,೦೦೦ ವೋಲ್ಟುಗಳನ್ನು ತಡೆಯಬೇಕು. ಒಳಗೆ ನೀರು ತುಂಬಿ, ನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು, ಒಳಗೊಂದು ಹೊರಗೊಂದು ವಿದ್ಯುದಗ್ರವನ್ನಿರಿಸಿ, ಹರಿಯುವ ಪ್ರವಾಹವನ್ನು ಅಳೆಯುತ್ತಾರೆ. ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಸ್ವಾರಸ್ಯವುಂಟು. ಕೈಗವಸಿನಲ್ಲಿ ಒಂದು ತೂತೂ ಇಲ್ಲದಿದ್ದರೂ ಪ್ರವಾಹ ಹರಿಯುವುದು. ಏಕೆಂದರೆ ಎರಡು ನೀರುಗಳ ನಡುವಿನ ರಬ್ಬರು ಒಂದು ಧಾರಕವೇ. ಒಂದು ಮಿಲಿಮೀಟರು ದಪ್ಪ, ಚದರ ಮೀಟರಿನ ಹತ್ತನೆಯ ಒಂದು ಭಾಗ ವಿಸ್ತಾರ, ರಬ್ಬರಿನ ಪರಾವೈದ್ಯುತಾಂಕ ೩ ಎಂದಿಟ್ಟುಕೊಂಡರೆ, ೫೦ ಆವರ್ತದ ೫,೦೦೦ ವೋಲ್ಟಿಗೆ ಸುಮಾರು ೪ ಮಿಲಿಆಂಪಿಯರು ಬರುವುದು. ಪರೀಕ್ಷಕನು ಇದನ್ನೂ ನಿಜವಾದ ಸೋರಿಕೆಯನ್ನೂ ಬೇರೆಬೇರೆಯಾಗಿ ಗುರುತಿಸಬಲ್ಲವನಾಗಿರಬೇಕು. ಬಿ.ಎಸ್‌ಸಿ. ಓದಿದವನಿಗೆ ಇದು ಮೀರಿದ ಕೆಲಸವಲ್ಲ.

ವಿಜಯನಗರದಲ್ಲಿ ಮಳೆ ನಿಂತ ಸಂಜೆ ಬರಿಗೈಯಲ್ಲಿ ಕಂಬವೇರಿದವರನ್ನು ನಾವು ಕಂಡದ್ದುಂಟು. ಆದುದರಿಂದ ಈ ಮಾತು ರಫ್ತಿಗೆ ಮಾತ್ರ ಸಂಬಂಧಿಸಿದುದಲ್ಲ. ೧೯೪೯ರಲ್ಲಿ ಕೈಗಾರಿಕೆಯ ಉಪನಗರವಾಗಿಯೇ ಹುಟ್ಟಿದ ರಾಜಾಜಿನಗರದಲ್ಲಿ ರಬ್ಬರನ್ನು ಅಚ್ಚಿನಲ್ಲಿ ಒತ್ತಿ ಯಂತ್ರಭಾಗಗಳನ್ನು ಮಾಡುವ ಸಣ್ಣ ಕಾರ್ಖಾನೆಗಳಿವೆ. ಅಧಿಕ ವೋಲ್ಟಿನ ವಿದ್ಯೆಯಲ್ಲಿ ಹೆಸರಾದ, ೧೯೬೦ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯು ಇಲ್ಲಿಂದ ಕೆಲವೇ ಕಿಲೋಮೀಟರು ದೂರದಲ್ಲಿದೆ. ಹೊರದೇಶದ ಗಿರಾಕಿಯು ಕೇಳುವುದು ಪರೀಕ್ಷೆಯ ಪತ್ರವನ್ನು. ಒಬ್ಬೊಬ್ಬ ಸಣ್ಣ ಕಾರ್ಖಾನೆದಾರನು ಅದಕ್ಕಾಗಿ ಸ್ವಂತ ಪ್ರಯೋಗಶಾಲೆಯನ್ನು ಕಟ್ಟಲಾರನು. ಹತ್ತು ಮಂದಿ ಕೂಡಿ ಒಂದನ್ನು ಕಟ್ಟಬಲ್ಲರು, ಸರ್ಕಾರವು ಅರ್ಧ ವೆಚ್ಚವನ್ನು ಹೊತ್ತರೆ ಇನ್ನೂ ಬೇಗ. ಮೊದಲಿಗೆ ಒಂದು ಟ್ರಾನ್ಸ್‌ಫಾರ್ಮರು, ಒಂದು ತೊಟ್ಟಿ, ಸರಿಯಾದ ಮಾಪಕಗಳು, ಅವುಗಳ ಮುಂದೆ ಬೇಸರವಿಲ್ಲದೆ ಕುಳಿತಿರಬಲ್ಲ ನಾಲ್ವರು ಯುವಕ ಯುವತಿಯರು ಸಾಕು.

ನಮ್ಮ ಡಬ್ಬಿಯಲ್ಲಿ ಇನ್ನೂ ಎಂಬತ್ತು ಕೈಗವಸುಗಳಿವೆ. ಇಪ್ಪತ್ತರ ಲೆಕ್ಕದಲ್ಲಿ ತೃಪ್ತಿಯಾಗದ ಸುಳ್ಯದ ಹುಡುಗನು ಅವುಗಳಿಗೂ ನೀರು ತುಂಬಬೇಕೆಂದು ಹಟ ಹಿಡಿದಿದ್ದಾನೆ.