ಠಾಣೆಯ ಪುಸ್ತಕ, ಸಂಘದ ಪುಸ್ತಕ



ಕಳೆದ ಒಂದು ವರ್ಷ ನಾನು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕಳೆದೆ. ನೌಕರಿ ಸಿಕ್ಕಿತೆಂದಲ್ಲ, ನನ್ನ ಮೇಲೆ ಕೇಸಾಯಿತೆಂದೂ ಅಲ್ಲ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಸಂಘಗಳಿಂದ ಯಾವ ಹೆಂಗಸು ದೂರು ಕೊಡಲು ಹೊರಟರೂ ಅವಳ ಜೊತೆಗೆ ಒಬ್ಬಳು ಹೋಗಬೇಕು ಎಂದು ನಾವೆಲ್ಲ ಸೇರಿ ತೀರ್ಮಾನ ಮಾಡಿದ್ದೆವು. ಆ ಒಬ್ಬಳು ಬಹಳ ಸಲ ನಾನೇ ಆದೆ. ಹೆಚ್ಚಾಗಿ ಹೋದದ್ದು ಒಂದೇ ಠಾಣೆಗೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಉಳಿದ ಠಾಣೆಗಳವರು ‘ಸದ್ಯ, ನಮ್ಮದಲ್ಲ’ ಎಂದು ನಿಶ್ಚಿಂತರಾಗಿಬಿಡುತ್ತಾರೆ.

ಬೆಂಚಿನ ಮೇಲೆ ಕೂತರೆ ಠಾಣೆಯ ದಿನವೆಲ್ಲ ಕಾಣುತ್ತದೆ. ಬೆಳಿಗ್ಗೆ ಹಾಜರಿ, ಯಾರು ಕೋರ್ಟಿಗೆ ಯಾರು ಬೀಟಿಗೆ ಎಂಬ ಹಂಚಿಕೆ. ಆಮೇಲೆ ಹೊಲದ ಬದುವಿನ ಜಗಳ, ಬೋರಿನ ಮೋಟಾರು ಕಳವು, ಊಟಿ ರಸ್ತೆಯಲ್ಲಿ ಬೈಕಿನಿಂದ ಬಿದ್ದವರು, ಇಸ್ಪೀಟು ಆಡಿ ಸಿಕ್ಕಿಬಿದ್ದವರು. ಇರುವ ಸಿಬ್ಬಂದಿಯೇ ಕಡಿಮೆ, ಅವರಲ್ಲೂ ಎಷ್ಟೋ ಜನ ಬಂದೋಬಸ್ತಿನಲ್ಲಿ. ಶಿವರಾತ್ರಿ, ದೀಪಾವಳಿಗೆ ಮಹದೇಶ್ವರ ಬೆಟ್ಟ, ಮಂತ್ರಿಗಳು ಬಂದರೆ ಬಂಡೀಪುರ, ಚುನಾವಣೆ ಬಂದರೆ ಎಲ್ಲ ಕಡೆ. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ರಾತ್ರಿ ಪಾಳಿ ಮುಗಿದರೂ ಮನೆಗೆ ಹೋಗಲಾಗದೆ, ನನ್ನ ಪಕ್ಕದಲ್ಲೇ ಕೂತು ಹಿಂದಿನ ದಿನದ ಬುತ್ತಿ ಬಿಚ್ಚಿದ ಮಹಿಳಾ ಪೇದೆಯೊಬ್ಬಳು ನನಗೆ ಇಡೀ ವರ್ಷದಲ್ಲಿ ಸಿಕ್ಕ ಒಳ್ಳೆಯ ಗೆಳತಿ. ಅವಳ ಮಾತು ಮುಂದೆ ಬರುತ್ತದೆ.

ಆಷಾಢವನ್ನು ಮಾತ್ರ ಮರೆಯಲಾರೆ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವ ತಿಂಗಳು ಅದು. ಚಾಮರಾಜನಗರದಲ್ಲಿ ಚಾಮರಾಜೇಶ್ವರನ ತೇರಿನ ದಿನ ಗಂಡನೂ ಬಂದು, ಜೋಡಿಯಾಗಿ ನಿಂತು ತೇರಿಗೆ ಹಣ್ಣು ಜವನ ಎಸೆಯುವುದು ನಮ್ಮ ಸೀಮೆಯ ಸಂಭ್ರಮ. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ನಿಂತುಹೋಗಿದ್ದ ಉತ್ಸವ 2022ರಲ್ಲಿ ಹೊಸ ತೇರಿನೊಂದಿಗೆ ಮತ್ತೆ ನಡೆದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಆದರೆ ಒಂದು ತಿಂಗಳು ಅವ್ವನ ಮಗ್ಗುಲಲ್ಲಿ ಮಲಗುವ ಹುಡುಗಿ ಎಷ್ಟು ದಿನ ಮುಚ್ಚಿಟ್ಟಾಳು? ತಲೆಗೆ ನೀರು ಹುಯ್ಯುವಾಗ ಬೆನ್ನಿನ ಬಾಸುಂಡೆ ಅವ್ವನ ಕಣ್ಣಿಗೆ ಬಿದ್ದೇ ಬೀಳುತ್ತದೆ. ಹೊಸ ಮದುವೆಗಳ ದೂರು ನಮ್ಮ ಸಂಘಗಳಿಗೆ ಹೆಚ್ಚು ಬಂದದ್ದು ಆಷಾಢದಲ್ಲೇ. ಅದೇ ವಾರ ಠಾಣೆ ಖಾಲಿ. ‘ಎಲ್ಲಾ ತೇರ್‍ನ ಬಂದೋಬಸ್ತ್‌ಗೆ ಹೋಗವ್ರೆ ಕನವ್ವ, ಹಬ್ಬ ಕಳೀಲಿ ಬನ್ನಿ’ ಎಂದರು. ಹಬ್ಬ ಕಳೆಯಿತು. ಅಷ್ಟರಲ್ಲಿ ಎರಡೂ ಕಡೆಯ ಹಿರಿಯರು ಜಗಲಿಯ ಮೇಲೆ ಕೂತು ಮಾತಾಡಿ ಆ ಹುಡುಗಿಯನ್ನು ವಾಪಸು ಕಳಿಸಿಯೂ ಆಗಿತ್ತು.

ನಮ್ಮಲ್ಲಿ ಹಳಬರಿಗೆ ಇದು ಹೊಸದಲ್ಲ. 1992ರಲ್ಲಿ ಎಸ್ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ವೀರಪ್ಪನ್ ಗುಂಡಿಗೆ ಬಲಿಯಾದರು. 2004ರ ಅಕ್ಟೋಬರಿನಲ್ಲಿ ಅವನು ಸಾಯುವ ತನಕ ಈ ಭಾಗದ ಪೊಲೀಸರ ಕಣ್ಣೆಲ್ಲ ಕಾಡಿನ ಮೇಲಿತ್ತು. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ನಮ್ಮದೇ ಜಿಲ್ಲೆಯಾದಾಗಲೂ ಅದು ಬದಲಾಗಲಿಲ್ಲ. ಕಾಡಿನಲ್ಲಿ ಸತ್ತವರ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತಿತ್ತು. ಒಲೆಯ ಮುಂದೆ ಸತ್ತವರು ‘ಸ್ಟೋವ್ ಸಿಡಿದು ಗೃಹಿಣಿ ಸಾವು’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತಿದ್ದರು. ಅದೇ ವರ್ಷಗಳಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಗೆಳತಿಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, ಆ ಒಂದು ಸಾಲಿನ ಹಿಂದೆ ಏನಿದೆ ಎಂದು ಕೇಳತೊಡಗಿದ್ದರು. ಸುಮ್ಮನೆ ಪಕ್ಕದಲ್ಲಿ ಕೂರುವುದೂ ಕೆಲಸವೇ ಎಂದು ನನಗೆ ತಿಳಿದದ್ದು ಅವರನ್ನು ನೋಡಿ.

ಈಗ ಮುಚ್ಚಳಿಕೆಯ ವಿಷಯಕ್ಕೆ ಬರುತ್ತೇನೆ. ಹೆಂಗಸು ಬಿಳಿ ಹಾಳೆಯಲ್ಲಿ ದೂರು ಬರೆಸಿಕೊಂಡು ಬರುತ್ತಾಳೆ. ರೈಟರ್ ಅದನ್ನು ಎಫ್‌ಐಆರ್ ಮಾಡುವುದಿಲ್ಲ, ‘ಅರ್ಜಿ’ ಎಂದು ಇಟ್ಟುಕೊಳ್ಳುತ್ತಾರೆ. ಗಂಡನಿಗೆ ಫೋನು ಹೋಗುತ್ತದೆ. ಎರಡು ಮೂರು ದಿನ ಬಿಟ್ಟು ಅವನು ಊರಿನ ಮುಖಂಡರೊಬ್ಬರನ್ನು ಮುಂದೆ ಮಾಡಿಕೊಂಡು ಬರುತ್ತಾನೆ. ಸಾಹೇಬರು ಅವನಿಗೆ ಎಲ್ಲರೆದುರು ಚೆನ್ನಾಗಿ ಬೈಯುತ್ತಾರೆ. ಬೈದದ್ದು ಕೇಳಿ ಅವಳ ಅವ್ವನಿಗೆ ಅರ್ಧ ಸಮಾಧಾನ. ಆಮೇಲೆ ಮುಚ್ಚಳಿಕೆ: ಇನ್ನು ಮುಂದೆ ಕುಡಿದು ಬಂದು ಹೊಡೆಯುವುದಿಲ್ಲ, ಅನ್ಯೋನ್ಯವಾಗಿ ಬಾಳುತ್ತೇವೆ. ‘ಅನ್ಯೋನ್ಯ’ ಎಂಬ ಮಾತನ್ನು ಆ ಬೆಂಚಿನ ಮೇಲೆ ಕೇಳಿದಷ್ಟು ನಾನು ಯಾವ ಮದುವೆ ಮನೆಯಲ್ಲೂ ಕೇಳಿಲ್ಲ. ಕೆಳಗೆ ಅವನ ರುಜು, ಅವಳದೂ ರುಜು. ಹೊಡೆಸಿಕೊಂಡವಳು ಯಾವುದಕ್ಕೆ ಮುಚ್ಚಳಿಕೆ ಬರೆದುಕೊಡಬೇಕು ಎಂದು ಒಂದು ಸಲ ಕೇಳಿದೆ. ‘ಸಂಸಾರ ಅಂದ್ಮೇಲೆ ಎರಡು ಕೈ ಸೇರುದ್ರೆ ತಾನೇ ಮೇಡಂ’ ಎಂದರು.

ಕೇಸು ಬೇಡ, ಅವನಿಗೆ ಸ್ವಲ್ಪ ಹೆದರಿಸಿದರೆ ಸಾಕು ಎನ್ನುವ ಹೆಂಗಸರೂ ಇದ್ದಾರೆ. ಅದು ಅವಳ ಬದುಕು, ತೀರ್ಮಾನವೂ ಅವಳದೇ; ನಾನು ಒತ್ತಾಯ ಮಾಡಿದವಳಲ್ಲ. ಆದರೆ ಅದರ ಒಂದು ಪ್ರತಿಯಾದರೂ ಅವಳ ಕೈಯಲ್ಲಿರಬೇಕಲ್ಲ? ಎರಡನೆಯ ಸಲ ಬಂದಾಗ ಹಳೆಯ ಮುಚ್ಚಳಿಕೆ ಎಲ್ಲಿ ಎಂದರೆ ಆಗಿನ ಸಾಹೇಬರಿಗೆ ವರ್ಗವಾಗಿರುತ್ತದೆ. ಮೂರನೆಯ ಸಲವೂ ಹೊಸ ಹಾಳೆ. ವರ್ಷದ ಕೊನೆಗೆ ಮೇಲಕ್ಕೆ ಹೋಗುವ ಲೆಕ್ಕದಲ್ಲಿ ದಾಖಲಾದ ಮೊಕದ್ದಮೆಗಳಷ್ಟೇ ಇರುತ್ತವೆ. ಮೂರು ಸಲ ಏಟು ತಿಂದು ಮೂರು ಸಲ ಬಂದವಳು ಅದರಲ್ಲಿ ಎಲ್ಲೂ ಇಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಮನೆಗೆ ಹೋಗಿ ಕೇಳಿದಾಗ, ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಅದು ನೂರಕ್ಕೆ 20ರ ಆಸುಪಾಸಿನಲ್ಲಿತ್ತು. ಏಟು ಹೆಚ್ಚಾಯಿತೋ, ಬಾಯಿ ಬಿಡುವುದು ಹೆಚ್ಚಾಯಿತೋ, ನೀವೇ ಯೋಚಿಸಿ.

ಬೆಂಚಿನ ಮೇಲೆ ಕೇಳಿದ ಕೆಲವು ಮಾತುಗಳಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ, ನಿಮ್ಮ ಸಭೆಯಲ್ಲಿ ಓದಿ ಹೇಳಿ. ‘498-ಎ ತೆಗೆದುಹಾಕಿದ್ದಾರೆ’ ಎಂದು ಒಬ್ಬರು ನನಗೇ ಹೇಳಿದರು. ತೆಗೆದಿಲ್ಲ. 1983ರಲ್ಲಿ ಬಂದ ಆ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. ವರದಕ್ಷಿಣೆ ಸಾವಿನ 304-ಬಿ ಈಗ 80. ‘ಸುಪ್ರೀಂ ಕೋರ್ಟು ಅರೆಸ್ಟ್ ಮಾಡಬೇಡಿ ಅಂದಿದೆ’ ಎನ್ನುತ್ತಾರೆ. 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದ್ದು, ಕಾರಣ ನೋಡದೆ ಯಾಂತ್ರಿಕವಾಗಿ ಬಂಧಿಸಬೇಡಿ ಎಂದು. ದೂರು ಬರೆದುಕೊಳ್ಳಬೇಡಿ ಎಂದು ಅದು ಹೇಳಲಿಲ್ಲ. ‘ವಿಚಾರಣೆ ಮಾಡಿ ಆಮೇಲೆ ನೋಡೋಣ’ ಎಂದರೆ, ಈಗಿನ ಕಾನೂನಿನಲ್ಲಿ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್ಪಿ ಅನುಮತಿ ಪಡೆದು ಪ್ರಾಥಮಿಕ ವಿಚಾರಣೆ ಮಾಡಬಹುದು, ಅದನ್ನು 14 ದಿನದಲ್ಲಿ ಮುಗಿಸಬೇಕು. ಅನುಮತಿ ಪಡೆದಿದ್ದೀರಾ, ಯಾವ ದಿನದಿಂದ 14 ಎಂದು ಕೇಳಿ. ಎಫ್‌ಐಆರ್ ಪ್ರತಿಗೆ ಕಾಸು ಕೊಡಬೇಕಿಲ್ಲ. ಠಾಣೆಯವರು ತೆಗೆದುಕೊಳ್ಳದಿದ್ದರೆ ಎಸ್ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು. ಒಂದು ಎಚ್ಚರಿಕೆ: 85ನೇ ಕಲಮಿನ ದೂರನ್ನು ನೊಂದವಳೋ ಅವಳ ಬಂಧುಗಳೋ ಕೊಡಬೇಕು, ಸಂಘ ಕೊಡಲಾಗದು. ಆದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿಗೆ ಯಾರು ಬೇಕಾದರೂ ಮಾಹಿತಿ ಕೊಡಬಹುದು. ನಮ್ಮಲ್ಲಿ ತಾಲ್ಲೂಕಿನ ಸಿಡಿಪಿಒ ಅವರಿಗೇ ಆ ಜವಾಬ್ದಾರಿ ಕೊಟ್ಟಿದ್ದಾರೆ. ಅಂಗನವಾಡಿ ಕೆಲಸಕ್ಕೆ ನೀವು ಹತ್ತಿ ಇಳಿದ ಅದೇ ಕಚೇರಿ.

ಇನ್ನು, ಈ ಸಂಪಾದಕೀಯ ಬರೆಯಲು ಕೂರಿಸಿದ ಘಟನೆ. ಗುಂಡ್ಲುಪೇಟೆ ತಾಲ್ಲೂಕಿನ ಚೆಂಡು ಹೂ ಬೆಳೆಯುವ ಒಂದು ಊರಿನಿಂದ ತಾಯಿಯೊಬ್ಬಳು ಮಗಳನ್ನು ಕರೆದುಕೊಂಡು ಬಂದಳು. ಮದುವೆಯಾಗಿ ಎರಡು ವರ್ಷ. ಅಳಿಯನಿಗೆ ಗೂಡ್ಸ್ ಆಟೋ ಕೊಳ್ಳಲು ಹಣ ಕೊಟ್ಟಿದ್ದರು, ಬಾಕಿ ತಾ ಎಂದು ಹೊಡೆತ. ರೈಟರ್ ಕೇಳಿದರು: ‘ದುಡ್ಡು ಕೊಟ್ಟಿದ್ದಕ್ಕೆ ಏನವ್ವ ಆಧಾರ?’

ಆ ತಾಯಿಯ ಮುಖ ಅರಳಿತು. ‘ಅದೆ ಸಾ, ಬರ್ದದೆ’ ಎಂದು ಚೀಲದಿಂದ ಸಂಘದ ಪಾಸ್ ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟಳು. ಅವರು ತಿರುವಿ ನೋಡಿದರು. ‘ಹಸ ತಗಳಕೆ ಅಂತ ಬರ್ದದಲ್ಲವ್ವ. ಹಸ ಎಲ್ಲದೆ? ಅಳಿಯನ ಮನೆ ಕೊಟ್ಟಿಗೇಲೋ?’ ಪಕ್ಕದಲ್ಲಿದ್ದವರು ನಕ್ಕರು. ಅವಳು ನನ್ನ ಕಡೆ ನೋಡಿದಳು.

ಸಂಗಾತಿಗಳೇ, ಆ ಸಂಘಕ್ಕೆ ಪುಸ್ತಕ ಬರೆಯುವುದನ್ನು ಕಲಿಸಿದವಳು ನಾನು. ಮದುವೆ ಎಂದು ಬರೆದರೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಆದಾಯ ಬರುವ ಬಾಬ್ತು ಬರೆಯಿರಿ ಎಂದು ಹೇಳಿಕೊಟ್ಟವಳೂ ನಾನೇ. ಠಾಣೆಯವರು ಏಟನ್ನು ‘ಅರ್ಜಿ’ ಎಂದು ಬರೆಯುತ್ತಾರೆಂದು ವರ್ಷವಿಡೀ ಸಿಟ್ಟಾಗಿದ್ದೆ. ನಾವು ವರದಕ್ಷಿಣೆಯನ್ನು ಹಸು ಎಂದು ಬರೆದಿದ್ದೆವು.

ಅಂದು ಮೇಜು ಬಿಟ್ಟು ಎದ್ದು ಬಂದವಳು ಆ ಮಹಿಳಾ ಪೇದೆ. ಹುಡುಗಿಯನ್ನು ಒಳಗೆ ಕರೆದು ಕೂರಿಸಿ ನೀರು ಕೊಟ್ಟಳು. ಹೊಡೆದದ್ದು ಯಾವ ದಿನ, ಆಸ್ಪತ್ರೆಗೆ ಹೋಗಿದ್ದೆಯಾ, ಚೀಟಿ ಇದೆಯಾ, ನೋಡಿದವರು ಯಾರು ಎಂದು ಒಂದೊಂದಾಗಿ ಕೇಳಿ ಬರೆದು, ಬರೆದದ್ದನ್ನು ಓದಿ ಹೇಳಿದಳು. ಹಾಗೆ ಓದಿ ಹೇಳಿದವರನ್ನು ನಾನು ಆ ವರ್ಷ ಅಲ್ಲಿ ಬೇರೆ ನೋಡಲಿಲ್ಲ. ಹಣದ ಕಾಗದ ಇಲ್ಲದಿದ್ದರೂ ಕ್ರೌರ್ಯ ಕ್ರೌರ್ಯವೇ. ಮೂರನೆಯ ಓಡಾಟಕ್ಕೆ 85ನೇ ಕಲಮಿನಲ್ಲಿ ಕೇಸು ದಾಖಲಾಯಿತು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಕಲಂಗಳನ್ನು ಸೇರಿಸಲು ಇನ್ನೊಂದು ಸಲ ಹೋದೆವು. ‘ಕೊಟ್ಟವರೂ ತಪ್ಪಿತಸ್ಥರು, ನಿನ್ನ ಮೇಲೂ ಕೇಸಾಗ್ತದೆ ನೋಡವ್ವ’ ಎಂದು ಯಾರೋ ಹೆದರಿಸಿದ್ದರಿಂದ ತಾಯಿ ಹಿಂಜರಿದಿದ್ದಳು. ಕೊಡುವುದೂ ಅಪರಾಧವೆನ್ನುವುದು ನಿಜ. ಆದರೆ ನೊಂದವರು ಕೊಟ್ಟ ಹೇಳಿಕೆಯನ್ನು ಹಿಡಿದು ಅವರ ಮೇಲೆಯೇ ಮೊಕದ್ದಮೆ ಹೂಡುವಂತಿಲ್ಲ ಎಂದು ಅದೇ ಕಾಯ್ದೆಯ 7ನೇ ಕಲಮಿನಲ್ಲಿದೆ. ಹಣ ಎಣಿಸಿ ಕೊಟ್ಟ ದಿನ ಆ ಮನೆಯಲ್ಲಿದ್ದ ಇಬ್ಬರು ಸದಸ್ಯೆಯರು ಬಂದು ಹೇಳಿಕೆ ಕೊಟ್ಟರು. ಅವರಲ್ಲಿ ಒಬ್ಬಳು ಹುಡುಗನ ಕಡೆಗೂ ನೆಂಟಳು. ಅವಳ ಮನೆಯಲ್ಲಿ ಅಂದು ಏನಾಯಿತೆಂದು ನಾನು ಬರೆಯಲಾರೆ.

ಆಮೇಲೆ ಆ ಸಂಘದ ಸಭೆ ನಡೆಯಿತು. ಇನ್ನು ಮೇಲೆ ಏನಕ್ಕೆ ಸಾಲವೋ ಅದನ್ನೇ ಬರೆಯೋಣ, ವರದಕ್ಷಿಣೆಗೆ ಸಂಘದ ಹಣ ಕೊಡುವುದು ಬೇಡ ಎಂದೆ. ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದಕ್ಕೆ ಜಗಳವಾಯಿತು. ‘ನಾವು ಕೊಡ್ನಿಲ್ಲ ಅಂದ್ರೆ ಫೈನಾನ್ಸ್‌ನೋರು ಕೊಟ್ಟಾರು ಕನಕ್ಕ. ಮಗಳ ಮದ್ವೆ ನಿಲ್ಸಕಾದ್ದ?’ ಎಂದು ಒಬ್ಬಳು ಕೇಳಿದಳು. ಅವಳ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಕಂತಿನವರ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ 2025ರ ಜನವರಿಯಲ್ಲಿ ಬಂದದ್ದು ನಮ್ಮದೇ ಜಿಲ್ಲೆಯಿಂದ. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ‘ಹಂಗಾರೆ ನಮ್ಮ ದುಡ್ಡಲ್ಲೇ ನಮ್ಮ ಮಕ್ಕಳಿಗೆ ಏಟು ತಗಂಡು ಕೊಡದಾ?’ ಎಂದು ಇನ್ನೊಬ್ಬಳು. ರಾತ್ರಿ ಹತ್ತಾದರೂ ತೀರ್ಮಾನವಾಗಲಿಲ್ಲ. ನಿಮ್ಮ ಸಂಘಗಳಲ್ಲಿ ಇದನ್ನು ಚರ್ಚಿಸಿ, ಏನು ಮಾತಾಯಿತೆಂದು ನಮಗೆ ಬರೆಯಿರಿ. ಮುಂದಿನ ಸಂಚಿಕೆಯ ಪುಟಗಳನ್ನು ಅದಕ್ಕೇ ಇಟ್ಟಿದ್ದೇವೆ.

ಏಳುವ ಹೊತ್ತಿಗೆ ಪುಸ್ತಕ ಬರೆಯುವ ಹುಡುಗಿ ಕೇಳಿದಳು: ‘ಅಕ್ಕ, ಹಸ ಅಂತ ಬರ್ದಿರದ ಹೊಡ್ದಾಕ್ಬುಡ್ಲಾ?’ ಬೇಡ, ಅದು ಹಾಗೇ ಇರಲಿ, ಅದರ ಕೆಳಗೆ ಇವತ್ತಿನ ತಾರೀಕು ಹಾಕಿ ಆ ಹಣ ಯಾರಿಗೆ, ಏಕೆ ಹೋಯಿತು ಎಂದು ಬರಿ ಎಂದೆ. ಬರೆದಳು. ಎಲ್ಲರಿಗೂ ಓದಿ ಹೇಳಿದಳು. ಹನ್ನೊಂದು ರುಜು, ಎರಡು ಹೆಬ್ಬೆಟ್ಟು ಬಿದ್ದವು. ಆಮೇಲೆ ಆ ತಾಯಿ ಸೆರಗಿನ ಗಂಟು ಬಿಚ್ಚಿ ಆ ವಾರದ ಕಂತು ಕಟ್ಟಿದಳು.